ಕಣ್ಣು ಉಳಿಯಿತು, ಬಿಲ್ ನೋಡಿ ಕಣ್ಣು ಕತ್ತಲೆ ಬಂತು

ಐದಕ್ಕೆ ಮೂರು ಸ್ಟಾರ್. ಮೂರೂ ಡಾಕ್ಟರಿಗೆ, ಬಿಲ್ಲಿಂಗ್ ಕೌಂಟರ್‌ಗೆ ಒಂದೂ ಇಲ್ಲ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೇ ಮಲಗುವ ಚಟ ನನಗೆ. ಒಂದು ಬೆಳಿಗ್ಗೆ ಬಲಗಣ್ಣು ಕೆಂಪಾಗಿತ್ತು, ಬೆಳಕು ಬಿದ್ದರೆ ಚುಚ್ಚುತ್ತಿತ್ತು. ಸಾಮಾನ್ಯ ಕಣ್ಣುಬೇನೆ ಇರಬೇಕು, ಡಾಕ್ಟರ್ ಫೀಸ್ ಯಾಕೆ ದಂಡ ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಡ್ರಾಪ್ಸ್ ತಂದು ಹಾಕಿಕೊಂಡೆ. ಅದರಲ್ಲಿ ಸ್ಟೀರಾಯ್ಡ್ ಇತ್ತು, ಅದು ಕೆಂಪು ಇಳಿಸುತ್ತದೆ, ಆದರೆ ಒಳಗೆ ಸೋಂಕು ಬೆಳೆಯಲು ಬಿಡುತ್ತದೆ. ಕೆಂಪು ಕಡಿಮೆಯಾಯಿತು, ನೋವು ಜಾಸ್ತಿಯಾಯಿತು. ಮೂರನೇ ದಿನ ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ. ಆಮೇಲೆ ಓಡಿದ್ದು ಈ ಕ್ಲಿನಿಕ್ಕಿಗೆ.

ಡಾಕ್ಟರ್ ಬಗ್ಗೆ ಎರಡು ಮಾತಿಲ್ಲ. ಕಾರ್ನಿಯಾದಲ್ಲಿ, ಅಂದರೆ ಕರಿಗುಡ್ಡೆಯ ಮುಂದಿನ ಪಾರದರ್ಶಕ ಪದರದಲ್ಲಿ, ಹುಣ್ಣಾಗಿದೆ ಅಂದವರೇ ಅಲ್ಲಿಂದ ಚೂರು ಕೆರೆದು ಕಲ್ಚರ್‌ಗೆ (ಯಾವ ರೋಗಾಣು ಅಂತ ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಕಳಿಸಿದರು. ಪಕ್ಕದಲ್ಲಿ ಕೂತಿದ್ದ ಹುಡುಗನಿಗೆ ವೈರಸ್‌ನಿಂದ ಬಂದ ಕಣ್ಣುಬೇನೆ. ಅವನಿಗೆ ಆಂಟಿಬಯೋಟಿಕ್ ಬೇಡವೇ ಬೇಡ, ಒಂದೆರಡು ವಾರದಲ್ಲಿ ತಾನಾಗೇ ಹೋಗುತ್ತದೆ, ಟವೆಲ್ ಮಾತ್ರ ಬೇರೆ ಇಟ್ಟುಕೋ ಅಂತ ಹೇಳಿ ಕಳಿಸಿದರು. ಸುಮ್ನೆ ಔಷಧಿ ಮಾರುವವರಲ್ಲ ಅಂತ ಅಲ್ಲೇ ನಂಬಿಕೆ ಬಂತು.

ತಕರಾರು ಇರುವುದು ದುಡ್ಡಿನ ವಿಷಯದಲ್ಲಿ. ಫೋನಿನಲ್ಲಿ ಕೇಳಿದಾಗ ಹೇಳಿದ್ದು ಕನ್ಸಲ್ಟೇಶನ್ ಫೀಸ್ ಒಂದೇ. ಕೆರೆದದ್ದಕ್ಕೆ ಬೇರೆ, ಲ್ಯಾಬಿಗೆ ಬೇರೆ, ಪ್ರತಿ ಸಲ ತೋರಿಸಲು ಹೋದಾಗಲೂ ಮತ್ತೆ ಫೀಸ್. ಮೊದಲ ವಾರ ದಿನ ಬಿಟ್ಟು ದಿನ ಹೋಗಬೇಕಿತ್ತು, ನೀವೇ ಲೆಕ್ಕ ಹಾಕಿ. ನನ್ನ ಹುಣ್ಣಿಗೆ ಬರೆದುಕೊಟ್ಟ ಡ್ರಾಪ್ಸ್ ರೆಡಿಮೇಡ್ ಸಿಗುವುದಿಲ್ಲವಂತೆ. ಇಂಜೆಕ್ಷನ್ ಔಷಧಿಯಿಂದ ಗಟ್ಟಿ ಪ್ರಮಾಣದಲ್ಲಿ ಬೆರೆಸಿ ಅವರೇ ಮಾಡಿಕೊಡುತ್ತಾರೆ, ಅದನ್ನು ಫ್ರಿಜ್ಜಿನಲ್ಲಿಡಬೇಕು, ಕೆಲವೇ ದಿನಕ್ಕೆ ಹಾಳಾಗುತ್ತದೆ, ಮತ್ತೆ ಹೊಸದು. ನನಗೆ ಸೆಫಜೋಲಿನ್ ಒಂದು, ಟೋಬ್ರಾಮೈಸಿನ್ ಒಂದು, ಎರಡೂ ಆಂಟಿಬಯೋಟಿಕ್. ಗಂಟೆಗೊಮ್ಮೆ, ರಾತ್ರಿಯೂ ಸೇರಿ.

ಇನ್ನೊಂದು ಯಾರೂ ಹೇಳಲಿಲ್ಲ, ನಾನೇ ಕಷ್ಟಪಟ್ಟು ಕಲಿತೆ. ಒಂದು ಮಿಲಿಗೆ ಸುಮಾರು 20 ಹನಿ, ಅಂದರೆ 5 ಮಿಲಿ ಬಾಟಲಿಯಲ್ಲಿ ನೂರರ ಹತ್ತಿರ. ದಿನಕ್ಕೆ 24 ಹನಿ ಹೋದರೆ ನಾಲ್ಕೇ ದಿನ. ಕೈ ನಡುಗಿ ಎರಡೆರಡು ಬಿಟ್ಟುಕೊಂಡರೆ ಎರಡು ದಿನ! ಕಣ್ಣಿನಲ್ಲಿ ಒಂದು ಹನಿಗೂ ಪೂರ್ತಿ ಜಾಗ ಇರುವುದಿಲ್ಲ, ಉಳಿದದ್ದೆಲ್ಲ ಕೆನ್ನೆಗೆ. ಕೆಳರೆಪ್ಪೆ ಎಳೆದು ಒಂದೇ ಹನಿ ಬಿಟ್ಟು ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆ ಒತ್ತಿ ಹಿಡಿದರೆ ಸಾಕು. ಎರಡನೇ ಔಷಧಿಗೆ ಐದು ನಿಮಿಷ ಬಿಡಬೇಕು, ಇಲ್ಲದಿದ್ದರೆ ಮೊದಲನೆಯದು ತೊಳೆದುಹೋಗುತ್ತದೆ. ಇದನ್ನು ಔಷಧಿ ಕೊಡುವಾಗಲೇ ತೋರಿಸಿದ್ದರೆ ನನಗೆ ಒಂದು ಬಾಟಲಿಯಾದರೂ ಉಳಿಯುತ್ತಿತ್ತು, ಅಲ್ವಾ?

ಕಲ್ಚರ್‌ನಲ್ಲಿ ಸೂಡೊಮೊನಾಸ್ ಬಂತು, ಲೆನ್ಸ್ ಹಾಕುವವರಿಗೆ ಅಂಟುವ ಮಾಮೂಲಿ ಬ್ಯಾಕ್ಟೀರಿಯಾ. ಅದಕ್ಕೆ ಸೆಫಜೋಲಿನ್ ನಾಟುವುದಿಲ್ಲ, ನಿಲ್ಲಿಸಿ ಅಂದರು. ಹಿಂದಿನ ಸಂಜೆ ತಾನೇ ಹೊಸ ಬಾಟಲಿ ತಂದಿದ್ದೆ. ರಿಪೋರ್ಟ್ ಬರುವವರೆಗೆ ಎರಡೂ ಹಾಕುವುದು ಸರಿಯೇ, ಅದರ ಮೇಲೆ ಸಿಟ್ಟಿಲ್ಲ. ಆದರೆ ನಾಳೆ ರಿಪೋರ್ಟ್ ಬರುತ್ತದೆ, ಇವತ್ತು ತಗೋಬೇಡಿ ಅಂತ ಕೌಂಟರಿನಲ್ಲಿ ಒಂದು ಮಾತು ಹೇಳಬಹುದಿತ್ತು.

ಬಿಲ್ಲಿನಲ್ಲಿ ಕಾಣದ ಖರ್ಚು ಬೇರೆ. ಮೂರು ವಾರ ನನ್ನ ಕೆಲಸ ಹೋಯಿತು, ಕರೆದುಕೊಂಡು ಹೋಗಿಬರುವುದಕ್ಕೆ ಅಣ್ಣನದೂ ಅರ್ಧರ್ಧ ದಿನ.

ಈಗ ಗಾಯ ಒಣಗಿದೆ. ಸಣ್ಣ ಕಲೆ ಉಳಿದು ದೃಷ್ಟಿ ಸ್ವಲ್ಪ ಮಂಜು. ಮುಂದಿನ ತಿಂಗಳು ಬನ್ನಿ ಅಂದಿದ್ದಾರೆ. ಒಟ್ಟು ಎಷ್ಟಾಗಬಹುದು ಅಂತ ಕೌಂಟರಿನಲ್ಲಿ ಕೇಳಿದೆ. "ಬಂದಾಗ ಹೇಳ್ತೀವಿ ಸರ್" ಅಂದರು.