ಫೋನ್ ಬಂತು, ಒಂದು ತೋಟಾಕ್ಕೆ ಎರಡು ಸಲ ಮದ್ದು ಬಿತ್ತು

ಮನೆಯಲ್ಲೇ ರೈಫಲ್ ತೋಟಾ ತುಂಬಿಕೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ತುಂಬಬೇಕು ಅಂತ ಪ್ರೆಸ್ಸು, ಡೈ ಥರದ ಸಲಕರಣೆ ಎಲ್ಲ ತಂದಿಟ್ಟು ಕೂತವರಂತೂ ಓದಲೇಬೇಕು. ಅಮೆರಿಕದಲ್ಲಿರುವ ನಮ್ಮ ಕಡೆಯವರಲ್ಲಿ ಈ ಹುಚ್ಚು ಈಗೀಗ ಜಾಸ್ತಿ ಆಗುತ್ತಿದೆ. ನನಗೆ ಪರಿಚಯ ಇರುವವರೇ ನಾಲ್ಕು ಜನ ಇದ್ದಾರೆ.

ಹೋದ ಜುಲೈನಲ್ಲಿ ನನ್ನ ಕೋವಿ ನನ್ನ ಕೈಯಲ್ಲೇ ಒಡೆಯಿತು. ಎಡಗೈಗೆ ಏಳು ಹೊಲಿಗೆ ಬಿತ್ತು. ಕಣ್ಣು ಉಳಿಯಿತು, ಕೋವಿ ಉಳಿಯಲಿಲ್ಲ. ತಪ್ಪು ಕೋವಿಯದ್ದಲ್ಲ, ಮದ್ದಿನದ್ದೂ ಅಲ್ಲ. ಪೂರ್ತಿ ನನ್ನದೇ.

ನಮ್ಮೂರು ಸಕಲೇಶಪುರದ ಹತ್ತಿರ. ಅಜ್ಜನ ಬಳಿ ಲೈಸೆನ್ಸಿನ ಕೇಪಿನ ಕೋವಿ ಇತ್ತು. ಬತ್ತದ ಗದ್ದೆಗೆ ಹಂದಿ ಬಂದರೆ ಈಡು ಹಾರಿಸಿ ಹೆದರಿಸುವುದಕ್ಕೆ. ಅಜ್ಜ ಅದಕ್ಕೆ ಮದ್ದು ತುಂಬುವುದನ್ನು ಜಗಲಿಯಲ್ಲಿ ಕೂತು ನೋಡುವುದೇ ನಮಗೊಂದು ಹಬ್ಬ. ನಳಿಗೆಯ ಬಾಯಿಂದ ಕರಿ ಮದ್ದು ಸುರಿಯುವುದು, ತೆಂಗಿನ ನಾರು ತುರುಕುವುದು, ಗಜ ಅನ್ನುವ ಉದ್ದ ಸರಳು ಹಾಕಿ ಕುಟ್ಟುವುದು, ಆಮೇಲೆ ಚರೆ, ಮತ್ತೆ ನಾರು. ಕೊನೆಗೆ ಗಜವನ್ನು ನಳಿಗೆಯೊಳಗೆ ಇಳಿಬಿಟ್ಟು, ಹೊರಗೆ ಎಷ್ಟು ಚಾಚಿಕೊಂಡಿದೆ ಅಂತ ಬೆರಳಿಟ್ಟು ಅಳೆಯುತ್ತಿದ್ದರು. ಅವರು ಹೇಳುತ್ತಿದ್ದಷ್ಟು ಬೆರಳು ಬಂದರೆ ಸರಿ. ಜಾಸ್ತಿ ಬಂದರೆ ಮುಖ ಗಂಟಿಕ್ಕಿ ಎಲ್ಲ ತೆಗೆದು ಮತ್ತೆ ಮೊದಲಿಂದ. ಆಗ ನಮಗೆ ಅದು ಮುದುಕರ ಶಾಸ್ತ್ರದ ಥರ ಕಾಣುತ್ತಿತ್ತು.

ಈಗ ನಾನಿರುವುದು ಕೊಲರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ. ಇಲ್ಲಿ 1949ರಲ್ಲಿ ಅಥವಾ ಅದರ ನಂತರ ಹುಟ್ಟಿದವರು ಬೇಟೆಯ ಲೈಸೆನ್ಸ್ ತೆಗೆದುಕೊಳ್ಳಬೇಕಾದರೆ ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿರಬೇಕು. ಅದನ್ನು ಮುಗಿಸಿ, ಆಫೀಸಿನ ಹಿರಿಯ ಗೆಳೆಯರೊಬ್ಬರ ಜೊತೆ ಎಲ್ಕ್ ಬೇಟೆಗೆ ಹೋಗಲು ಶುರುಮಾಡಿದೆ. ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣ. ನನ್ನ ಕೋವಿ .45-70 ಅಳತೆಯದು, ಕೆಳಗಿನ ಲಿವರ್ ಎಳೆದು ತೋಟಾ ಬದಲಿಸುವಂಥದ್ದು.

ಈ ತೋಟಾದ ಚರಿತ್ರೆ ಸ್ವಲ್ಪ ಹೇಳಬೇಕು, ಯಾಕಂದರೆ ಅಪಾಯ ಇರುವುದೇ ಅದರ ಹೊಟ್ಟೆಯಲ್ಲಿ. ಅಮೆರಿಕದ ಸೈನ್ಯ 1873ರಲ್ಲಿ ತಂದ ತೋಟಾ ಇದು. ಹೆಸರಿನಲ್ಲಿರುವ 45 ಅಂದರೆ ಗುಂಡಿನ ಅಡ್ಡಗಲ, ಇಂಚಿನ ನೂರನೇ ಭಾಗದ ಲೆಕ್ಕದಲ್ಲಿ. 70 ಅಂದರೆ ಒಳಗೆ ಹಾಕುತ್ತಿದ್ದ ಕರಿ ಮದ್ದಿನ ತೂಕ, 70 ಗ್ರೇನ್. ಸುಮಾರು ನಾಲ್ಕೂವರೆ ಗ್ರಾಂ ಆಗುತ್ತದೆ. ಅಷ್ಟು ಮದ್ದು ಹಿಡಿಯಲಿ ಅಂತಲೇ ಹಿತ್ತಾಳೆಯ ಚಿಪ್ಪನ್ನು ಎರಡು ಇಂಚಿಗಿಂತ ಉದ್ದ ಮಾಡಿದ್ದಾರೆ. ಕರಿ ಮದ್ದು ಅದರಲ್ಲಿ ಕಂಠಪೂರ್ತಿ ತುಂಬುತ್ತದೆ. ಎರಡನೇ ಸಲ ಹಾಕಲು ಹೋದರೆ ತುಂಬಿದ ಚೊಂಬಿಗೆ ನೀರು ಹಾಕಿದ ಹಾಗೆ ಹೊರಗೆ ಚೆಲ್ಲುತ್ತದೆ.

ಈಗ ನಾವು ಬಳಸುವುದು ಹೊಗೆಯಿಲ್ಲದ ಮದ್ದು. ಅದು ಸ್ವಲ್ಪ ಸಾಕು, ಶಕ್ತಿ ಜಾಸ್ತಿ. ಚಿಪ್ಪು ಮಾತ್ರ ಅದೇ ಹಳೇ ದೊಡ್ಡ ಚಿಪ್ಪು. ಹಾಗಾಗಿ ಒಳಗೆ ಜಾಗ ಖಾಲಿ ಉಳಿಯುತ್ತದೆ.

ನಾನು ಮಾಡಿದ್ದು ಇದು. ಅಂಗಡಿಯ ತೋಟಾ ಒಂದೊಂದಕ್ಕೆ ಮೂರು ಡಾಲರ್ ಹತ್ತಿರ ಬೀಳುತ್ತದೆ. ಭುಜಕ್ಕೆ ಕೊಡುವ ಒದೆಯೂ ಸಣ್ಣದಲ್ಲ, ಇಪ್ಪತ್ತು ಈಡು ಹೊಡೆದ ಮೇಲೆ ಕಾಫಿ ಲೋಟ ಎತ್ತುವಾಗ ಗೊತ್ತಾಗುತ್ತದೆ. ಅಭ್ಯಾಸಕ್ಕೆ ಮೆತ್ತಗಿನ ತೋಟಾ ಮಾಡಿಕೊಳ್ಳೋಣ ಅಂದುಕೊಂಡೆ. ಮೆತ್ತಗಿನ ತೋಟಾಕ್ಕೆ ಮದ್ದಿನ ಕಂಪನಿಯ ಪುಸ್ತಕದಲ್ಲಿ ಎರಡು ಮೂರು ದಾರಿ ಇದ್ದವು. ನಾನು ಆರಿಸಿಕೊಂಡಿದ್ದು ಬೇಗ ಉರಿಯುವ, ಪಿಸ್ತೂಲು ಮತ್ತು ಷಾಟ್‌ಗನ್ನಿಗೆ ಬಳಸುವ ಮದ್ದು. ಕಾರಣ ಇಷ್ಟೇ, ಅದು ಮನೆಯಲ್ಲಿತ್ತು. ಒಂದು ಡಬ್ಬದಲ್ಲಿ ನೂರಾರು ತೋಟಾ ಆಗುತ್ತದೆ ಅನ್ನುವ ಜಿಪುಣ ಲೆಕ್ಕವೂ ಇತ್ತು. ಪುಸ್ತಕದಲ್ಲಿ ಕೊಟ್ಟ ಅಳತೆಯನ್ನೇ ಹಾಕಿದೆ. ಆ ಅಂಕಿ ಇಲ್ಲಿ ಬರೆಯುವುದಿಲ್ಲ. ಅಂಥ ಅಂಕಿಗಳನ್ನು ಯಾರದ್ದೋ ಬರಹದಿಂದ ಎತ್ತಿಕೊಳ್ಳಬಾರದು, ಮದ್ದಿನ ಕಂಪನಿಯೇ ಅಚ್ಚು ಹಾಕಿಸಿದ ಪುಸ್ತಕದಲ್ಲೇ ನೋಡಬೇಕು. ಅಳತೆ ಹೇಗಿತ್ತು ಅಂದರೆ, ಚಿಪ್ಪಿನ ತಳದಲ್ಲಿ ಒಂದು ಚಿಟಿಕೆ ಕರಿ ಎಳ್ಳು ಬಿದ್ದ ಹಾಗೆ.

ಬುಧವಾರ ರಾತ್ರಿ. ಗರಾಜಿನಲ್ಲಿ ಮೇಜು, ಮೇಲೆ ಒಂದು ಹಳದಿ ಬಲ್ಬು. ಐವತ್ತು ತೂತಿನ ಮರದ ಹಲಗೆಯಲ್ಲಿ ಐವತ್ತು ಚಿಪ್ಪು ನಿಲ್ಲಿಸಿದ್ದೆ, ಎಲ್ಲಕ್ಕೂ ಪ್ರೈಮರ್, ಅಂದರೆ ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಕೇಪು, ಕೂರಿಸಿ ಆಗಿತ್ತು. ಮದ್ದಿನ ಮೆಷರಿನ ಹಿಡಿ ಮೇಲೆತ್ತಿ ಕೆಳಗಿಳಿಸಿದರೆ ಒಂದು ಅಳತೆ ಬೀಳುತ್ತದೆ. ಟಕ್, ಟಕ್. ಚಿಪ್ಪು ತೆಗೆ, ಹಿಡಿ, ವಾಪಸ್ ಇಡು. ಕೈಗೆ ಒಂದು ಲಯ ಸಿಕ್ಕಿಬಿಟ್ಟಿತ್ತು.

ಒಂಬತ್ತು ಗಂಟೆಗೆ ಫೋನ್ ಬಂತು. ಇಲ್ಲಿ ರಾತ್ರಿ ಒಂಬತ್ತು ಅಂದರೆ ಊರಲ್ಲಿ ಬೆಳಗ್ಗೆ ಎಂಟೂವರೆ, ಅಮ್ಮ ತಿಂಡಿ ಮುಗಿಸಿ ಫೋನ್ ಮಾಡುವ ಹೊತ್ತು. "ಊಟ ಆಯ್ತೇನೋ ಮಗ?" ಅಂತ ಶುರುವಾಗಿದ್ದು ಮಳೆಗೆ ಕಾಫಿ ಕಾಯಿ ಉದುರಿದ್ದು, ಪಕ್ಕದ ಮನೆಯವರ ಬೇಲಿ ಜಗಳ, ಯಾರದ್ದೋ ಮದುವೆ ಅಂತ ಹತ್ತು ನಿಮಿಷ ಹೋಯಿತು. ಫೋನನ್ನು ಭುಜಕ್ಕೂ ಕಿವಿಗೂ ಮಧ್ಯೆ ಸಿಕ್ಕಿಸಿಕೊಂಡು ನಾನು ಗರಾಜಿನಲ್ಲೇ ಓಡಾಡುತ್ತಿದ್ದೆ. ಫೋನ್ ಇಟ್ಟ ಮೇಲೆ ಬಂದು ನೋಡಿದರೆ ಮೆಷರಿನ ಕೆಳಗೆ ಒಂದು ಚಿಪ್ಪು ನಿಂತಿತ್ತು. ಇದಕ್ಕೆ ಹಾಕಿದ್ದೆನಾ? ಇಣುಕಿದೆ. ಒಳಗೆ ಕತ್ತಲೆ. ಹಾಕಿಲ್ಲ ಅನ್ನಿಸಿತು. ಹಿಡಿ ಎಳೆದೆ. ಟಕ್.

ಅನ್ನಿಸಿತು ಅಂತ ಬರೆದೆನಲ್ಲ, ಅಲ್ಲೇ ನಿಲ್ಲಿಸಿ ಆ ಚಿಪ್ಪನ್ನು ಬೋರಲು ಹಾಕಿ ಮೊದಲಿಂದ ಅಳೆದಿದ್ದರೆ ಮೂವತ್ತು ಸೆಕೆಂಡಿನ ಕೆಲಸ.

ಎಲ್ಲ ಮುಗಿದ ಮೇಲೆ ಸಿದ್ಧವಾದ ತೋಟಾಗಳನ್ನು ತಕ್ಕಡಿಯಲ್ಲಿ ತೂಗಿಯೂ ನೋಡಿದ್ದೆ. ಇದನ್ನು ತುಂಬ ಜನ ಮಾಡುತ್ತಾರೆ, ಮಾಡಿ ಸಮಾಧಾನ ಪಡುತ್ತಾರೆ. ನನ್ನ ಚಿಪ್ಪುಗಳು ಮೂರು ಬೇರೆ ಬೇರೆ ಕಂಪನಿಯವು, ಗುಂಡು ಅಚ್ಚಿಗೆ ಸೀಸ ಹೊಯ್ದು ಮಾಡಿದ್ದು. ಚಿಪ್ಪಿನ ತೂಕದಲ್ಲಿ ಒಂದಷ್ಟು ಗ್ರೇನ್ ವ್ಯತ್ಯಾಸ, ಗುಂಡಿನಲ್ಲಿ ಇನ್ನೊಂದಷ್ಟು. ಗುಂಡೇ 405 ಗ್ರೇನ್ ತೂಗುವ ಕಡೆ ಎರಡು ಚಿಟಿಕೆ ಮದ್ದು ಆ ಏರುಪೇರಿನಲ್ಲಿ ಹಾಯಾಗಿ ಅಡಗಿ ಕೂರುತ್ತದೆ.

ಶನಿವಾರ ರೇಂಜಿಗೆ ಹೋದೆವು. ಹದಿನೆಂಟು ಈಡು ಚೆನ್ನಾಗಿಯೇ ಹೋಯಿತು, ಮೆತ್ತಗೆ, ಒದೆಯೇ ಇಲ್ಲ. ಗೆಳೆಯರು "ನಿನ್ನ ಹೆಂಡತಿಯೂ ಹೊಡೆಯಬಹುದು" ಅಂತ ತಮಾಷೆ ಮಾಡಿದರು. ಹತ್ತೊಂಬತ್ತನೆಯದಕ್ಕೆ ಕುದುರೆ ಎಳೆದೆ.

ಶಬ್ದ ನನಗೆ ನೆನಪಿಲ್ಲ. ಮುಖಕ್ಕೆ ಬಿಸಿ ಗಾಳಿ ಹೊಡೆದದ್ದು ನೆನಪಿದೆ, ಕುಕ್ಕರಿನ ಮುಚ್ಚಳ ಹಾರಿದಾಗ ಬರುವ ಥರದ್ದು. ನಳಿಗೆಯ ಕೆಳಗಿನ ಮರ ಉದ್ದಕ್ಕೆ ಸೀಳಿ ಎರಡಾಗಿತ್ತು, ಅದರ ಸಿಬಿರು ಹೆಬ್ಬೆರಳಿನ ಬುಡಕ್ಕೆ ನುಗ್ಗಿತ್ತು. ಲಿವರ್ ಅಲ್ಲಾಡಲಿಲ್ಲ. ಗೆಳೆಯರು ಕೋವಿಯನ್ನು ಮೇಜಿನ ಮೇಲೆ ಗುರಿಯ ಕಡೆಗೇ ತಿರುಗಿಸಿ ಇಡಿಸಿದರು, ಆಮೇಲೆ ನನ್ನ ಕೈಗೆ ಬಟ್ಟೆ ಸುತ್ತಿದರು. ಕನ್ನಡಕ ತೆಗೆದು ನೋಡಿದರೆ ಬಲಗಡೆಯ ಗಾಜಿನಲ್ಲಿ ಹಿತ್ತಾಳೆಯ ಚೂರುಗಳು ನಾಟಿಕೊಂಡಿದ್ದವು, ರವೆ ಉದುರಿಸಿದ ಹಾಗೆ. ಹನ್ನೆರಡು ಡಾಲರಿನ ಪಾಲಿಕಾರ್ಬೊನೇಟ್ ಕನ್ನಡಕ. ನಾನು ಅದನ್ನು ಎಷ್ಟೋ ಸಲ ಕಾರಲ್ಲೇ ಮರೆತು ಹೊಡೆದಿದ್ದೇನೆ.

ಕೋವಿ ರಿಪೇರಿಯವರು ಒಡೆದ ಚಿಪ್ಪನ್ನು ಬಡಿದು ಹೊರಗೆ ತೆಗೆದು ನನ್ನ ಅಂಗೈಯಲ್ಲಿ ಇಟ್ಟರು. ಅದರ ಬುಡ ಅರಳಿಕೊಂಡಿತ್ತು, ಪ್ರೈಮರ್ ಕೂರುವ ಗುಳಿ ಎಷ್ಟು ಅಗಲ ಆಗಿತ್ತು ಅಂದರೆ ಪ್ರೈಮರ್ ಉದುರಿ ಹೋಗಿತ್ತು. ಈ ತೋಟಾಕ್ಕೆ ಅಮೆರಿಕದ ಉದ್ಯಮ ಇಟ್ಟುಕೊಂಡಿರುವ ಒತ್ತಡದ ಮಿತಿ 28,000 ಪಿಎಸ್‌ಐ. ಕಾರಿನ ಟೈರಿಗೆ ನಾವು ಹಾಕಿಸುವುದು 32, 33. ಬೇಗ ಉರಿಯುವ ಮದ್ದು ಎರಡು ಪಟ್ಟು ಬಿದ್ದರೆ ಒತ್ತಡ ಎರಡೇ ಪಟ್ಟಾಗಿ ನಿಲ್ಲುವುದಿಲ್ಲ. ಒತ್ತಡ ಏರಿದ ಹಾಗೆ ಮದ್ದು ಇನ್ನೂ ಜೋರಾಗಿ ಉರಿಯುತ್ತದೆ, ಅದು ಒತ್ತಡವನ್ನು ಇನ್ನೂ ಏರಿಸುತ್ತದೆ. ಗುಂಡು ಜಾಗ ಬಿಟ್ಟು ಕದಲುವ ಹೊತ್ತಿಗೆ ಆಗಬೇಕಾದ್ದು ಆಗಿ ಹೋಗಿರುತ್ತದೆ. "ಇದನ್ನು ಗೋಡೆಗೆ ನೇತುಹಾಕು, ಹೊಡೆಯಬೇಡ" ಅಂದರು ಅವರು.

ಉಳಿದ ಮೂವತ್ತೊಂದು ತೋಟಾವನ್ನು ಅದೇ ರಾತ್ರಿ ಬಿಚ್ಚಿದೆವು. ಎಲ್ಲದರಲ್ಲೂ ಸರಿಯಾಗಿ ಒಂದೊಂದೇ ಅಳತೆ. ಆಮೇಲೆ ಪ್ರೈಮರ್ ಇಲ್ಲದ ಎರಡು ಖಾಲಿ ಚಿಪ್ಪು ತೆಗೆದುಕೊಂಡು ಒಂದಕ್ಕೆ ಒಂದು ಸಲ, ಇನ್ನೊಂದಕ್ಕೆ ಎರಡು ಸಲ ಮದ್ದು ಹಾಕಿ, ಅದೇ ಹಳದಿ ಬಲ್ಬಿನ ಕೆಳಗೆ ಅಕ್ಕಪಕ್ಕ ನಿಲ್ಲಿಸಿದೆ. ಮೇಲಿಂದ ನೋಡಿದರೆ ಎರಡೂ ಬಾವಿಯ ಹಾಗೆ ಕಪ್ಪು. ಯಾವುದು ಯಾವುದು ಅಂತ ನನಗೇ ಹೇಳಲಾಗಲಿಲ್ಲ. ಸಣ್ಣ ಟಾರ್ಚ್ ಬಿಟ್ಟ ತಕ್ಷಣ ವ್ಯತ್ಯಾಸ ಎದ್ದು ಕಂಡಿತು. ಐದು ಡಾಲರಿನ ಟಾರ್ಚ್, ಗರಾಜಿನ ಮೊಳೆಗೆ ವರ್ಷಗಳಿಂದ ನೇತಾಡುತ್ತಿತ್ತು.

ಆ ಹೊತ್ತಿಗೆ ಅಜ್ಜನ ಗಜ ನೆನಪಾಯಿತು. ಅಜ್ಜ ಎಣಿಕೆಯನ್ನು ನಂಬುತ್ತಿರಲಿಲ್ಲ. ಮಾತಾಡುತ್ತಾ ಮದ್ದು ಎರಡು ಸಲ ಸುರಿದಿದ್ದರೂ ಗಜ ಹೊರಗೆ ಚಾಚಿ ತೋರಿಸುತ್ತಿತ್ತು. ಸಾವಿರಾರು ಡಾಲರಿನ ನನ್ನ ಸರಂಜಾಮಿನಲ್ಲಿ ಆ ಕೆಲಸ ಮಾಡುವ ಒಂದು ಕಡ್ಡಿ ಇರಲಿಲ್ಲ. ಈಗ ಇದೆ. ಚಿಪ್ಪಿನ ಬಾಯಿಗೆ ಸಲೀಸಾಗಿ ಇಳಿಯುವ ಮರದ ಕಡ್ಡಿ, ಸರಿಯಾದ ಅಳತೆ ಬಿದ್ದಾಗ ಅಂಚಿಗೆ ಬರುವ ಜಾಗದಲ್ಲಿ ಕೆಂಪು ಗೆರೆ. ಮದ್ದು ಬದಲಿಸಿದರೆ ಕಡ್ಡಿಯೂ ಬೇರೆ. ಗೆರೆ ಅಂಚಿಗಿಂತ ಮೇಲೆ ನಿಂತರೆ ಎರಡು ಸಲ ಬಿದ್ದಿದೆ, ಗೆರೆ ಪೂರ್ತಿ ಒಳಗೆ ಮುಳುಗಿದರೆ ಬಿದ್ದೇ ಇಲ್ಲ. ಬೀಳದೇ ಇರುವುದೂ ಸಣ್ಣ ವಿಷಯ ಅಂದುಕೊಳ್ಳಬೇಡಿ. ಬರೀ ಪ್ರೈಮರಿನ ಬಲಕ್ಕೆ ಗುಂಡು ನಳಿಗೆಯ ಒಳಗೆ ಹೋಗಿ ಸಿಕ್ಕಿಕೊಳ್ಳಬಹುದು. ಪುಸ್ ಅಂದಿತಲ್ಲ ಅಂತ ಇನ್ನೊಂದು ಹಾಕಿ ಹೊಡೆದರೆ ನಳಿಗೆಯೇ ಉಬ್ಬುತ್ತದೆ, ಸೀಳಲೂಬಹುದು. ಶಬ್ದ ಬೇರೆ ಥರ ಕೇಳಿಸಿದರೆ ನಿಲ್ಲಿಸಿ, ಕೋವಿ ಖಾಲಿ ಮಾಡಿ, ನಳಿಗೆಯಲ್ಲಿ ಆಚೆ ಬೆಳಕು ಕಾಣುತ್ತದಾ ನೋಡಿ.

ಮದ್ದನ್ನೂ ಬದಲಿಸಿದೆ. ಈಗ ಬಳಸುವುದು ಚಿಪ್ಪಿನ ಅರ್ಧಕ್ಕಿಂತ ಜಾಸ್ತಿ ತುಂಬುವಂಥದ್ದು, ಎರಡನೇ ಸಲ ಬಿದ್ದರೆ ಮೇಜಿನ ಮೇಲೆ ಚೆಲ್ಲುತ್ತದೆ. ಡಬ್ಬ ಬೇಗ ಖಾಲಿ ಆಗುತ್ತದೆ, ಆಗಲಿ. ಪ್ರೈಮರ್ ಹಾಕಿದ ಚಿಪ್ಪುಗಳು ಹಲಗೆಯಲ್ಲಿ ಬೋರಲಾಗಿ ನಿಂತಿರುತ್ತವೆ, ಮದ್ದು ಬಿದ್ದದ್ದು ಮಾತ್ರ ಬಾಯಿ ಮೇಲೆ. ಮೇಜಿನ ಮೇಲೆ ಒಂದೇ ಡಬ್ಬ. ಫೋನು ಅಡುಗೆಮನೆಯಲ್ಲಿ. ಅಮ್ಮ "ಬುಧವಾರ ಯಾಕೋ ಎತ್ತಲ್ಲ ನೀನು" ಅಂತ ಗೊಣಗುತ್ತಾರೆ. ಕೈಗೆ ಏನಾಯಿತು ಅಂತ ಕೇಳಿದ್ದಕ್ಕೆ ಕಾರಿನ ಬಾಗಿಲಿಗೆ ಸಿಕ್ಕಿತು ಅಂದಿದ್ದೇನೆ.

ಇನ್ನೊಂದು ಮಾತು, ಗೆಳೆಯರು ತುಂಬಿಕೊಟ್ಟ ತೋಟಾ ಹೊಡೆಯಬೇಡಿ. .45-70ಗೆ ಪುಸ್ತಕಗಳಲ್ಲಿ ಮೂರು ಭಾಗ ಇರುತ್ತದೆ: 1873ರ ಕಾಲದ ಹಳೇ ಕೋವಿಗೆ ಒಂದು, ಲಿವರಿನದಕ್ಕೆ ಒಂದು, ಈಗಿನ ಗಟ್ಟಿ ಒಂಟಿ ಈಡಿನ ಕೋವಿಗೆ ಒಂದು. ಮೂರನೆಯದಕ್ಕೆ ತುಂಬಿದ್ದು ಮೊದಲನೆಯದಕ್ಕೂ ಸಲೀಸಾಗಿ ಹೋಗಿ ಕೂರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಒಂದೇ. ನನ್ನ ಮೂವತ್ತೊಂದರ ಕಥೆ ಕೇಳಿದ ಮೇಲೂ ಒಬ್ಬರು "ಹಾಗಾದರೆ ನನ್ನದು ತಗೊಳ್ಳಿ, ನಾನು ಹುಷಾರು" ಅಂದರು!

ಊರಿನ ಹುಡುಗರು ವಾಟ್ಸಾಪಿನಲ್ಲಿ ಇದನ್ನೆಲ್ಲ ಕೇಳುತ್ತಿರುತ್ತಾರೆ. ಅಲ್ಲಿ ಇದರ ತಂಟೆಯೇ ಬೇಡ. ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು 1959ರ ಆಯುಧ ಕಾಯ್ದೆ ಪ್ರಕಾರ ಅಪರಾಧ. ಕೊಡವರಿಗೆ ಇರುವ ವಿನಾಯಿತಿಯೂ ಕೋವಿ ಇಟ್ಟುಕೊಳ್ಳುವುದಕ್ಕೆ, ತೋಟಾ ಮಾಡುವುದಕ್ಕಲ್ಲ. ಕೇಪಿನ ಕೋವಿಗೆ ತೋಟಾ ಬಿಚ್ಚಿದ ಮದ್ದು ಹಾಕುವ ಯೋಚನೆಯನ್ನಂತೂ ಬಿಟ್ಟುಬಿಡಿ. ಅದು ಕರಿ ಮದ್ದಿಗೆ ಮಾಡಿದ ನಳಿಗೆ, ಕೈಯಲ್ಲೇ ಒಡೆಯುತ್ತದೆ.

ಬಿಚ್ಚಿದ ತೋಟಾಗಳ ಮದ್ದನ್ನು ವಾಪಸ್ ಡಬ್ಬಕ್ಕೆ ಹಾಕಲಿಲ್ಲ. ಹಿತ್ತಲಿನ ಹುಲ್ಲಿನ ಮೇಲೆ ತೆಳ್ಳಗೆ ಉದುರಿಸಿದೆ. ಅದರಲ್ಲಿ ಸಾರಜನಕ ಇರುತ್ತದೆ, ಗೊಬ್ಬರವೇ. ಬೇಲಿಯ ಪಕ್ಕ ಆ ಒಂದು ತುಂಡು ಈಗ ಬೇರೆ ಕಡೆಗಿಂತ ಹಸಿರಾಗಿದೆ, ವಾರಕ್ಕೊಮ್ಮೆ ಕತ್ತರಿಸಬೇಕು.