ತಿಂಗಳ ಕೂಟವೋ, ವಾರ್ಷಿಕ ವೇದಿಕೆಯೋ?

ಸಂಗೀತ ಶಾಲೆಗೆ ಹೊಸದಾಗಿ ಸೇರಿದ ಮಕ್ಕಳು ಎಲ್ಲರ ಮುಂದೆ ಹಾಡಲು, ನುಡಿಸಲು ತಿಂಗಳ ಕೂಟವೇ ಸೂಕ್ತ. ತರಗತಿಯ ಕೋಣೆ ಸಾಕು, ಮೈಕ್ ಬೇಡ, ಒಬ್ಬರಿಗೆ 3 ನಿಮಿಷ. ತಪ್ಪಿದರೆ ಮುಂದಿನ ತಿಂಗಳು ಮತ್ತೆ ಅವಕಾಶವಿದೆ. 15 ಮಕ್ಕಳಿಗಿಂತ ಹೆಚ್ಚಿದ್ದರೆ ಎರಡು ಗುಂಪು ಮಾಡಿ. ಗಂಟೆ ದಾಟಿದರೆ ಚಿಕ್ಕವರು ಕೂರುವುದಿಲ್ಲ.

ವಾರ್ಷಿಕ ವೇದಿಕೆಯ ಲೆಕ್ಕವೇ ಬೇರೆ. ಸಮೂಹಗಾನಕ್ಕೆ, ವಾದ್ಯವೃಂದಕ್ಕೆ ಅದೇ ಸರಿ, ಆದರೆ ಅದೇ ಸಭಾಂಗಣದಲ್ಲಿ ಒಮ್ಮೆಯಾದರೂ ಪೂರ್ತಿ ತಾಲೀಮು ಆಗಲೇಬೇಕು. ಎಡವುವುದು ಹೆಚ್ಚಾಗಿ ಹಾಡಿನಲ್ಲಲ್ಲ, ಏರ್ಪಾಡಿನಲ್ಲಿ: ಹಾಡುವವರ ಕಡೆ ತಿರುಗಿಸಿದ ಸ್ಪೀಕರ್ ಇಲ್ಲದೆ ಹಿಂದಿನ ಸಾಲಿಗೆ ಶ್ರುತಿ ಕೇಳಿಸದು, ಮೈಕ್ ಹೊಂದಿಸಲು ಬಿಟ್ಟ ಸಮಯ ಸಾಲದು. ದೀಪಗಳ ಬಿಸಿಗೆ ತಂತಿವಾದ್ಯಗಳ ಶ್ರುತಿ ಇಳಿಯುತ್ತದೆ. ಅವನ್ನು ಅರ್ಧ ಗಂಟೆ ಮೊದಲೇ ವೇದಿಕೆಯ ಮೇಲಿಟ್ಟು, ಆಮೇಲೆ ಶ್ರುತಿ ಮಾಡಿ.