ಹಿತ್ತಲ ಕೊಳ ತೋಡಲು ಲೋಡರ್ ಇರುವ ಮಿನಿ ಟ್ರ್ಯಾಕ್ಟರ್: ಎಷ್ಟು ಕೆಲಸಕ್ಕೆ ಬರುತ್ತದೆ?

25 ಎಚ್‌ಪಿ ಟ್ರ್ಯಾಕ್ಟರ್‌ಗೆ ಮುಂದೆ ಲೋಡರ್ ಬಕೆಟ್ ಕೂರಿಸಿದರೆ ಹಿತ್ತಲ ಕೊಳ ತೋಡಬಹುದು. ಆದರೆ ಬಕೆಟ್ ಇರುವುದು ಮಣ್ಣು ಎತ್ತುವುದಕ್ಕೆ, ಅಗೆಯುವುದಕ್ಕಲ್ಲ. ಗಟ್ಟಿ ನೆಲಕ್ಕೆ ನೇರವಾಗಿ ನುಗ್ಗಿಸಿದರೆ ಬಕೆಟ್‌ನ ಅಂಚು ಬಾಗುತ್ತದೆ, ಲೋಡರ್ ತೋಳುಗಳು ತಿರುಚಿಕೊಳ್ಳುತ್ತವೆ. ಮೊದಲು ಹಿಂದಿನ ಕಲ್ಟಿವೇಟರ್‌ನಿಂದ 10–15 ಸೆಂ.ಮೀ. ಸಡಿಲಿಸಿ, ಆಮೇಲೆ ಬಾಚಿ. ಪದರ ಪದರವಾಗಿ ಹೀಗೇ ಇಳಿಯಬೇಕು.

8 ಮೀ. ಉದ್ದ, 5 ಮೀ. ಅಗಲ, 1.2 ಮೀ. ಆಳದ ಕೊಳದಲ್ಲಿ ಬದುವಿನ ಇಳಿಜಾರು ಕಳೆದು ಸುಮಾರು 25 ಘನ ಮೀಟರ್ ಮಣ್ಣು. ಅಗೆದ ಮಣ್ಣು ಕಾಲುಭಾಗ ಉಬ್ಬುತ್ತದೆ. 0.2 ಘನ ಮೀಟರ್ ಬಕೆಟ್ಟಿಗೆ ನೂರೈವತ್ತಕ್ಕೂ ಹೆಚ್ಚು ಸಲ ಓಡಾಟ! ಎಲ್ಲಿ ಸುರಿಯಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಿ.

ನಿಜವಾದ ತೊಂದರೆ ಕೊಳದಿಂದ ಹಿಮ್ಮುಖವಾಗಿ ಹೊರಬರುವಾಗ. ತುಂಬಿದ ಬಕೆಟ್ ಇಳಿಜಾರಿನ ಕೆಳಗಡೆ ಇರುತ್ತದೆ, ಭಾರವೆಲ್ಲ ಮುಂದಿನ ಆಕ್ಸಲ್ ಮೇಲೆ, ಹಿಂದಿನ ಚಕ್ರ ಹಗುರಾಗಿ ಸುಮ್ಮನೆ ತಿರುಗುತ್ತದೆ. ಹಾಗಾಗಿ ಫೋರ್ ವೀಲ್ ಡ್ರೈವ್ ಮತ್ತು ಹಿಂದೆ ತೂಕ, ಎರಡೂ ಬೇಕೇ ಬೇಕು. ಒಂದು ತುದಿಯಲ್ಲಿ 4.8 ಮೀಟರ್ ಉದ್ದದ ದಾರಿ, ಅಂದರೆ 1:4 ಇಳಿಜಾರು ಬಿಡಿ. ಕೊನೆಗೆ ಅದನ್ನು ಮುಚ್ಚಬೇಡಿ, ತುಂಬಿದ ಮಣ್ಣು ಕುಸಿದು, ನೀರು ಇಂಗದಂತೆ ಕೊಳಕ್ಕೆ ಹಾಸುವ ಹಾಳೆ ಜಗ್ಗುತ್ತದೆ. ಬಕೆಟ್ ಸದಾ ನೆಲಕ್ಕೆ ಹತ್ತಿರವಿರಲಿ, ಸೀಟ್ ಬೆಲ್ಟ್ ಹಾಕಿರಿ.

ಒದ್ದೆ ಜೇಡಿಯಲ್ಲಂತೂ ಇಳಿಸಲೇಬೇಡಿ, ಬಕೆಟ್‌ಗೆ ಅಂಟಿ ಅರ್ಧ ಮಣ್ಣು ವಾಪಸ್ ಬರುತ್ತದೆ. ಮೂಲೆ, ಅಂಚುಗಳಿಗೆ ಸಲಿಕೆಯೇ ಸರಿ. ಈ ಅಳತೆಗೆ 11×8 ಮೀ. ಹಾಳೆ ಸಾಕು.

ಬಂಡೆ ಸಿಕ್ಕರೆ ಅಥವಾ ಆಳ 1.5 ಮೀಟರ್ ದಾಟಿದರೆ ಬ್ಯಾಕ್‌ಹೋ (ಉದ್ದ ತೋಳಿನ ಬಕೆಟ್‌ನಿಂದ ಅಗೆಯುವ ಯಂತ್ರ) ಬಾಡಿಗೆಗೆ ತರುವುದೇ ಒಳ್ಳೆಯದು.